ಸಹಿ ಕಲಿಸಿದರೆ ಸಾಲದು: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ನಮ್ಮ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ನಮಸ್ಕಾರ.

ಕಬಿನಿ ನಾಲೆಯ ನೀರು ಕಟ್ಟಕಡೆಗೆ ಬಂದು ಮುಟ್ಟುವ, ಎಷ್ಟೋ ವರ್ಷ ಮುಟ್ಟದೆಯೂ ಇರುವ ಊರಿನಿಂದ ಬರೆಯುತ್ತಿದ್ದೇನೆ. ನಾನು ಪಿಯುಸಿ ಓದಿದವಳು. ದೊಡ್ಡವರಿಗೆ ಓದು ಬರಹ ಕಲಿಸುವ ಸಾಕ್ಷರ ಭಾರತ್ ಯೋಜನೆ ಇದ್ದಾಗ ನಮ್ಮ ಪಂಚಾಯಿತಿಯ ಪ್ರೇರಕಿ, ಅಂದರೆ ಕಲಿಕಾ ಕೇಂದ್ರ ನಡೆಸುವವಳಾಗಿದ್ದೆ. ಈಗ ಹೆಂಗಸರ ಸ್ವಸಹಾಯ ಸಂಘಗಳು ಸೇರಿದ ಸಂಜೀವಿನಿ ಒಕ್ಕೂಟದಲ್ಲಿ ಸಂಘಗಳ ಲೆಕ್ಕದ ಪುಸ್ತಕ ಬರೆಯುತ್ತೇನೆ. ಉಳಿದ ಹೊತ್ತಿನಲ್ಲಿ ಬಟ್ಟೆ ಹೊಲಿಯುತ್ತೇನೆ.

ನಮ್ಮ ಕೇರಿಯಲ್ಲಿ ಎಲ್ಲರೂ ದೊಡ್ಡಕ್ಕ ಅಂತ ಕರೆಯುವ ಒಬ್ಬರಿದ್ದಾರೆ. ವಯಸ್ಸು ಐವತ್ತು ದಾಟಿದೆ. 2013ರಲ್ಲಿ ಕಲಿಕಾ ಕೇಂದ್ರಕ್ಕೆ ಬಂದಾಗ ಅವರು ಪೆನ್ಸಿಲನ್ನು ಕುಡುಗೋಲು ಹಿಡಿದ ಹಾಗೆ ಇಡೀ ಮುಷ್ಟಿಯಲ್ಲಿ ಹಿಡಿದಿದ್ದರು. ಅವರ ಕೈ ಮೇಲೆ ನನ್ನ ಕೈ ಇಟ್ಟು ಹದಿನೈದು ದಿನ ಹೆಸರು ತಿದ್ದಿಸಿದೆ. ಹೆಸರಿನ ಒತ್ತಕ್ಷರ ಮಾತ್ರ ಎಷ್ಟು ಹೇಳಿದರೂ ಗೆರೆ ದಾಟಿ ಕೆಳಗಿನ ಸಾಲಿಗೆ ಇಳಿದುಬಿಡುತ್ತಿತ್ತು. ಆಮೇಲೊಂದು ದಿನ ಪಂಚಾಯಿತಿಗೆ ಹೋಗಿ ಕೂಲಿ ಹಾಳೆಗೆ ಸಹಿ ಹಾಕಿ ನೇರ ನನ್ನ ಹತ್ತಿರ ಬಂದರು. ಹೆಬ್ಬೆಟ್ಟು ಎತ್ತಿ ತೋರಿಸಿ, "ನೋಡು, ಮಸಿ ಹತ್ತಿಲ್ಲ" ಅಂದರು. ಆ ದಿನ ನನಗೆ ಆದ ಖುಷಿ ಇವತ್ತಿಗೂ ನೆನಪಿದೆ.

ಕಳೆದ ವರ್ಷ ಅದೇ ಸಹಿಯನ್ನು ಮತ್ತೆ ನೋಡಿದೆ. ಐದು ಕಡೆ ಇತ್ತು, ಐದು ಸಾಲದ ಕಾಗದಗಳ ಕೆಳಗೆ. ಎರಡು ಅವರದೇ ಸಾಲ. ಮೂರು ಬೇರೆಯವರ ಸಾಲಕ್ಕೆ ಗುಂಪಿನಲ್ಲಿ ನಿಂತ ಜಾಮೀನು. ಐದರಲ್ಲೂ ಆ ಒತ್ತಕ್ಷರ ಹಾಗೇ ಗೆರೆ ದಾಟಿ ಇಳಿದಿತ್ತು. ಯಾವ ಕಾಗದದಲ್ಲಿ ಏನು ಬರೆದಿದೆ ದೊಡ್ಡಕ್ಕ ಅಂತ ಕೇಳಿದೆ. "ಓದಕ್ಕೆ ಬರಲ್ಲ ಕಣವ್ವ. ನೀನು ಸಹಿ ತಾನೆ ಕಲಿಸಿದ್ದು?" ಅಂದರು.

ಬೈದದ್ದಲ್ಲ, ಇದ್ದದ್ದನ್ನು ಹೇಳಿದ್ದು. ಆ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ನನ್ನ ಕಡೆಯ ತಪ್ಪನ್ನೇ ಹೇಳಿಬಿಡುತ್ತೇನೆ. ಸಾಕ್ಷರ ಭಾರತ್ ಶುರುವಾದದ್ದು 2009ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನದಂದೇ. ಹೆಂಗಸರ ಸಾಕ್ಷರತೆ ಕಡಿಮೆ ಇದ್ದ ಜಿಲ್ಲೆಗಳನ್ನೇ ಆರಿಸಿಕೊಂಡಿದ್ದರು, ಅದು ಸರಿಯಾಗೇ ಇತ್ತು. ಪಂಚಾಯಿತಿಗೆ ಇಬ್ಬರು ಪ್ರೇರಕರು. ತಿಂಗಳಿಗೆ 2,000 ರೂಪಾಯಿ ಗೌರವಧನ. ನಮಗಂತೂ ಅದು ತಿಂಗಳು ತಿಂಗಳು ಬರುತ್ತಿರಲಿಲ್ಲ, ಆ ಮಾತು ಬಿಡಿ. ಮೇಲಿನಿಂದ ಬರುತ್ತಿದ್ದ ಪ್ರಶ್ನೆ ಒಂದೇ: ಈ ತಿಂಗಳು ಎಷ್ಟು ಜನ? ಎಷ್ಟು ಕಲಿತರು ಅಂತ ಯಾರೂ ಕೇಳಲಿಲ್ಲ. ನಾಲ್ಕು ಅಕ್ಷರ ಕೂಡಿಸಿ ಓದುವುದಕ್ಕೆ ಆರು ತಿಂಗಳು ಬೇಕು. ಸಹಿಗೆ ಹದಿನೈದು ದಿನ ಸಾಕು. ನಾವು ಸಹಿಯ ದಾರಿ ಹಿಡಿದೆವು. ಪಟ್ಟಿ ತುಂಬಿತು. 2018ರ ಮಾರ್ಚ್ 31ಕ್ಕೆ ಯೋಜನೆ ಮುಗಿಯಿತು. ನಮ್ಮ ಕೇಂದ್ರದ ಟ್ರಂಕು, ಚಾಪೆ, ಕಪ್ಪು ಹಲಗೆ ಈಗಲೂ ಪಂಚಾಯಿತಿಯ ಹಿಂದಿನ ಕೋಣೆಯಲ್ಲಿ ಬಿದ್ದಿವೆ.

ಅಕ್ಷರ ಊರು ಬಿಟ್ಟು ಹೋಯಿತು. ಸಾಲ ಬಂತು. ಬೈಕಿನಲ್ಲಿ, ಹೆಗಲಿಗೆ ಬ್ಯಾಗು ಹಾಕಿಕೊಂಡು, ಅವ್ವ ಅಕ್ಕ ಅಂತ ಕರೆಯುತ್ತಾ ಬಂತು. ಹತ್ತು ಜನ ಸೇರಿ ಗುಂಪು ಮಾಡಿ, ಆಧಾರ್ ಕೊಡಿ, ಇಲ್ಲಿ ಸಹಿ ಹಾಕಿ. ಸಹಿ ಹಾಕುವುದಕ್ಕೆ ಎಲ್ಲರಿಗೂ ಬರುತ್ತಿತ್ತಲ್ಲ.

ನಾನು ಸಾಲದ ವಿರುದ್ಧ ಬರೆಯುತ್ತಿಲ್ಲ. ನನ್ನ ಮೊದಲ ಹೊಲಿಗೆ ಮಿಷನ್ ಬಂದದ್ದೇ ಸ್ತ್ರೀಶಕ್ತಿ ಸಂಘದ 6,000 ರೂಪಾಯಿ ಸಾಲದಿಂದ. ಆ ಮಿಷನ್ ಇಲ್ಲದಿದ್ದರೆ ನನ್ನ ಮಗಳು ಡಿಪ್ಲೊಮಾ ಮುಗಿಸುತ್ತಿರಲಿಲ್ಲ. ಸ್ವಸಹಾಯ ಸಂಘ ಅನ್ನುವುದು ಹೊರಗಿನಿಂದ ಬಂದದ್ದೂ ಅಲ್ಲ. 1980ರ ದಶಕದಲ್ಲೇ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಮೈರಾಡ ಸಂಸ್ಥೆ ಇಂಥ ಸಣ್ಣ ಗುಂಪುಗಳನ್ನು ಕಟ್ಟಿತ್ತು. 1992ರಲ್ಲಿ ಹಳ್ಳಿಗಳ ಸಾಲದ ವಿಷಯ ನೋಡಿಕೊಳ್ಳುವ ನಬಾರ್ಡ್ ಬ್ಯಾಂಕು ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರುಮಾಡಿತು. 2000–01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ನಮ್ಮ ಸಂಘದಲ್ಲಿ ಪ್ರತಿ ಮಂಗಳವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾರಮ್ಮನ ಗುಡಿ ಜಗುಲಿಯಲ್ಲಿ ಕೂರುತ್ತೇವೆ. ಉಳಿತಾಯ ಕಟ್ಟುತ್ತೇವೆ. ಯಾರಿಗೆ ಸಾಲ ಬೇಕೋ ಅವರು ಎಲ್ಲರ ಮುಂದೆ ಕಾರಣ ಹೇಳಿ ಕೇಳಬೇಕು. ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ. ಆ ಬಡ್ಡಿ ಬರುವುದು ಸಂಘದ ಡಬ್ಬಿಗೇ, ಅಂದರೆ ನಮಗೇ. ಗಂಡನ ಬೋರ್‌ವೆಲ್‌ಗೆ ಅಂತ ಯಾರಾದರೂ ಕೇಳಿದರೆ ಒಂದು ಗಂಟೆ ಜಗಳವಾಗುತ್ತದೆ. ಆ ಜಗಳ ಒಳ್ಳೆಯದು. ಸಾಲ ಯಾರ ಹೆಸರಲ್ಲಿ, ದುಡ್ಡು ಯಾರ ಕೈಗೆ, ತೀರಿಸುವವರು ಯಾರು ಅನ್ನುವುದು ಅಲ್ಲಿ ಬಾಯಿಬಿಟ್ಟು ಮಾತಾಡುವ ವಿಷಯ. ಬೈಕಿನವರ ಗುಂಪಿನಲ್ಲಿ ಆ ಜಗಳಕ್ಕೆ ಹೊತ್ತೇ ಇರುವುದಿಲ್ಲ.

ತೊಡಕು ಏನೆಂದರೆ ನಮ್ಮೂರಲ್ಲಿ ಎಲ್ಲಕ್ಕೂ ಹೆಸರು ಒಂದೇ. ನಮ್ಮ ಮಂಗಳವಾರದ್ದೂ ಸಂಘ, ಬೈಕಿನಲ್ಲಿ ಬರುವ ಮೈಕ್ರೋ ಫೈನಾನ್ಸ್ ಕಂಪನಿಯದೂ ಸಂಘ, ಯಾವ ನೋಂದಣಿಯೂ ಇಲ್ಲದೆ ನೋಟ್‌ಬುಕ್ ಹಿಡಿದು ಬರುವವನದೂ ಸಂಘ. "ಯಾವ ಸಂಘ ಅಕ್ಕಾ?" ಅಂದರೆ "ಗುರುವಾರದ ಸಂಘ" ಅನ್ನುತ್ತಾರೆ. ವಾರದ ಹೆಸರೇ ಗುರುತು. ಕಾಗದದ ಮೇಲಿನ ಹೆಸರು ಓದಲು ಬರದವರಿಗೆ ಇನ್ನು ಯಾವ ಗುರುತು ಇರಬೇಕು ಹೇಳಿ?

ಒಂದು ಸಾಲದ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ. ಆ ಕಂಪನಿಯ ಹೆಸರು ಇಲ್ಲಿ ಬೇಡ. ದೊಡ್ಡಕ್ಕ ತೆಗೆದದ್ದು 30,000 ರೂಪಾಯಿ. ಕೈಗೆ ಬಂದದ್ದು 28,800. ಉಳಿದದ್ದು ಫೀಸು, ಇನ್ಶೂರೆನ್ಸು ಅಂತ ಮೊದಲೇ ಮುರಿದುಕೊಂಡರು. ತಿಂಗಳಿಗೆ 2,800ರಂತೆ ಹನ್ನೆರಡು ಕಂತು. ಒಟ್ಟು 33,600. "ನೂರಕ್ಕೆ ಬರೀ ಹನ್ನೆರಡು ಅವ್ವ, ಬ್ಯಾಂಕಿನ ಹಾಗೇ" ಅಂತ ಹುಡುಗ ಹೇಳಿದ್ದನಂತೆ. 30,000ಕ್ಕೆ ವರ್ಷಕ್ಕೆ 3,600 ಅಂದರೆ ನೂರಕ್ಕೆ ಹನ್ನೆರಡೇ, ಮೇಲ್ನೋಟಕ್ಕೆ ಸುಳ್ಳಲ್ಲ. ಆದರೆ ದೊಡ್ಡಕ್ಕನ ಹತ್ತಿರ 30,000 ಇದ್ದದ್ದು ಮೊದಲ ತಿಂಗಳು ಮಾತ್ರ. ತಿಂಗಳು ತಿಂಗಳು ಅಸಲಿನಲ್ಲಿ 2,500 ವಾಪಸು ಹೋಗುತ್ತಿತ್ತು. ಆರು ಕಂತು ಕಟ್ಟಿದ ಮೇಲೆ ಉಳಿದದ್ದು 15,000. ಕೊನೆಯ ತಿಂಗಳು ಬರೀ 2,500. ಆ ಎರಡೂವರೆ ಸಾವಿರಕ್ಕೂ ಬಡ್ಡಿ ಅದೇ 300.

ಇದನ್ನು ನಾನು ಹಲಗೆ ಮೇಲೆ ಬರೆದು ವಿವರಿಸಲು ಹೋದೆ. ಶೇಕಡಾ, ಅಸಲು, ಉಳಿಕೆ ಅಂತೆಲ್ಲ. ಯಾರ ಮುಖದಲ್ಲೂ ಬೆಳಕಿಲ್ಲ. ಕಡೆಗೆ ದೊಡ್ಡಕ್ಕನೇ ಬಾಯಿಬಿಟ್ಟರು. "ಅಂದರೆ, ಹತ್ತು ಸೇರು ರಾಗಿ ಸಾಲ ತಂದೆ. ಒಂಬತ್ತು ಸೇರು ವಾಪಸು ಅಳೆದುಕೊಟ್ಟೆ. ಉಳಿದಿರೋ ಒಂದು ಸೇರಿಗೂ ಹತ್ತು ಸೇರಿನ ಬಡ್ಡಿನೇ ಕೊಡಬೇಕಾ?" ಅಂದರು. ಹೂಂ ಅಂದೆ. "ಇದು ಯಾವ ಊರ ನ್ಯಾಯ?" ಅಂದರು. ಅಷ್ಟೂ ಹೆಂಗಸರಿಗೆ ಒಂದೇ ಏಟಿಗೆ ಅರ್ಥವಾಯಿತು.

ಆ ರಾತ್ರಿ ಮಗಳ ಹತ್ತಿರ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿದೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಅಂತ ಹಿಡಿದರೆ ಆ ಹನ್ನೆರಡು ನಿಜಕ್ಕೂ ಇಪ್ಪತ್ತೊಂದೂವರೆ. ಮೊದಲೇ ಮುರಿದುಕೊಂಡ 1,200 ಸೇರಿಸಿದರೆ ಇಪ್ಪತ್ತೊಂಬತ್ತೂವರೆ. ಸಹಿ ಹಾಕುವ ಮುಂಚೆ ಯಾರಾದರೂ ಆ ರಾಗಿ ಲೆಕ್ಕ ಹೇಳಿದ್ದರೆ ದೊಡ್ಡಕ್ಕ ಸಹಿ ಹಾಕುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಕಷ್ಟ ಇದ್ದರೆ ಹಾಕುತ್ತಿದ್ದರೇನೋ. ಆದರೆ ಗೊತ್ತಿದ್ದು ಹಾಕುತ್ತಿದ್ದರು.

ಇನ್ನು ನೋಂದಣಿ ಇರುವ ಕಂಪನಿಗಳ ಮಾತು. ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮಗಳು ಚೆನ್ನಾಗೇ ಇವೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡವಿಲ್ಲದೆ ಕೊಡುವ ಸಾಲಕ್ಕೆ ಅವು ಅನ್ವಯಿಸುತ್ತವೆ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರಬಾರದು, ಫೋನೂ ಮಾಡಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಸಾಲ ಪಡೆದವರಿಗೆ ಅರ್ಥವಾಗುವ ಭಾಷೆಯಲ್ಲಿ ಸಾಲದ ಕಾರ್ಡು ಕೊಡಬೇಕು.

ನಮ್ಮೂರಿನ ಹೆಂಗಸರಿಗೆ ಕೊಟ್ಟ ಒಂದು ಕಾರ್ಡನ್ನು ನಾನು ಓದಿದೆ. ಕನ್ನಡದಲ್ಲೇ ಇತ್ತು. ಅಂದರೆ ಅಕ್ಷರ ಕನ್ನಡದ್ದು. "ಇಳಿಕೆ ಶೇಷ ವಿಧಾನ", "ವಿಳಂಬಿತ ಪಾವತಿ", "ಸಾಲೇತರ ಉತ್ಪನ್ನ". ಅಕ್ಷರ ಎಷ್ಟು ಸಣ್ಣದೆಂದರೆ, ಸೂಜಿಗೆ ದಾರ ಪೋಣಿಸುವ ನನ್ನ ಕಣ್ಣಿಗೇ ಬಿಸಿಲಿಗೆ ಹಿಡಿದು ನೋಡಬೇಕಾಯಿತು. ಪಿಯುಸಿ ಓದಿದವಳು ಮೂರು ಸಲ ಓದಿದೆ. ನಿಯಮ ಪಾಲಿಸಿದ್ದಾರೆ ಅಂತ ಯಾರು ಬೇಕಾದರೂ ಬರೆದುಕೊಳ್ಳಬಹುದು. ದೊಡ್ಡಕ್ಕನಿಗೆ ಅರ್ಥವಾಗುವ ಭಾಷೆ ಅದಲ್ಲ.

2025ರ ಜನವರಿಯಲ್ಲಿ ವಸೂಲಿಯವರ ಕಾಟಕ್ಕೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಫೆಬ್ರವರಿ 12ರಂದು ಅದನ್ನು ತಡೆಯಲು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು, ಆಮೇಲೆ ಅದು ಕಾನೂನಾಯಿತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸರ್ಕಾರಕ್ಕೆ ಕೈ ಮುಗಿಯುತ್ತೇನೆ, ಅದು ಬೇಕಿತ್ತು. ಆದರೆ ಆ ಕಾನೂನು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದವರಿಗೆ ಅನ್ವಯಿಸುವುದಿಲ್ಲ, ಅವರಿಗೆ ಬೇರೆ ನಿಯಮ, ದೂರು ಕೊಡುವ ಜಾಗವೂ ಬೇರೆ. ಈಗ ನೀವೇ ಯೋಚನೆ ಮಾಡಿ. "ಗುರುವಾರದ ಸಂಘ" ಇದರಲ್ಲಿ ಯಾವುದು? ನಿಮ್ಮ ಕಚೇರಿಗೆ ದೂರು ಕೊಡಬೇಕೋ, ಇನ್ನೆಲ್ಲಿಗೋ? ಇದು ಗೊತ್ತಾಗಬೇಕಾದರೆ ಕಾಗದದ ತಲೆಯ ಮೇಲಿನ ಒಂದು ಸಾಲು ಓದಲು ಬರಬೇಕು. ಕಾನೂನು ಬಂದು ನಿಂತಿರುವುದು ಆ ಒಂದು ಸಾಲಿನ ಆಚೆ.

ಅಕ್ಷರ ಕಲಿತರೆ ಏನಾಗಿಬಿಡುತ್ತದೆ ಅಂತ ತಾಲ್ಲೂಕು ಸಭೆಯೊಂದರಲ್ಲಿ ಒಬ್ಬರು ನನ್ನನ್ನು ಕೇಳಿದ್ದರು. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ಕತೆ ಹೇಳಿದೆ. 1990ರ ದಶಕದ ಶುರುವಿನಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ಜೋರಾಗಿತ್ತು. ಪಾಠದಲ್ಲಿ ಹೆಂಗಸರ ಬದುಕೇ ಇತ್ತು. ಕೂಲಿ, ಗಂಡನ ಕುಡಿತ, ಸಾರಾಯಿ ಅಂಗಡಿ. ದೂಬಗುಂಟ ಅನ್ನುವ ಹಳ್ಳಿಯ ಹೆಂಗಸರು ಓದುತ್ತಾ ಓದುತ್ತಾ ಎದ್ದು ಹೋಗಿ ಸಾರಾಯಿ ಮಾರಾಟ ನಿಲ್ಲಿಸಿದರು. ಆ ಸುದ್ದಿ ಮತ್ತೆ ಪಾಠವಾಗಿ ಬೇರೆ ಹಳ್ಳಿಗಳಿಗೆ ಹೋಯಿತು. ಅಲ್ಲೂ ಹೆಂಗಸರು ಎದ್ದರು. ಸಾರಾಯಿ ಹರಾಜು ನಡೆಯಲು ಬಿಡಲಿಲ್ಲ. 1993ರ ಅಕ್ಟೋಬರ್‌ನಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧ ಮಾಡಬೇಕಾಯಿತು. ಅವರಿಗೂ ಕಲಿಸಿದ್ದು ಅಕ್ಷರವನ್ನೇ, ನಾವು ಕಲಿಸಿದ್ದೂ ಅದನ್ನೇ. ಅವರ ಪಾಠದಲ್ಲಿ ಸಾರಾಯಿ ಅಂಗಡಿ ಇತ್ತು, ನಮ್ಮ ಪಾಠದಲ್ಲಿ ಆಟ, ಊಟ, ಓಟ ಇತ್ತು.

ಈಗ ಉಲ್ಲಾಸ್ ಅಂತ ಹೊಸ ಸಾಕ್ಷರತಾ ಕಾರ್ಯಕ್ರಮ ನಡೆಯುತ್ತಿದೆ. ಕಲಿಸುವವರು ಸ್ವಯಂಸೇವಕರು, ಸಂಬಳವಿಲ್ಲ. ಕೊನೆಗೆ 150 ಅಂಕದ ಪರೀಕ್ಷೆ: ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50. ನಮ್ಮೂರಲ್ಲಿ ಪಾಸಾದವರಿದ್ದಾರೆ, ಪ್ರಮಾಣಪತ್ರವನ್ನು ದೇವರ ಪಟದ ಪಕ್ಕ ಇಟ್ಟಿದ್ದಾರೆ. ಅವರಲ್ಲಿ ಇಬ್ಬರಿಗೆ ಅವರದೇ ಬ್ಯಾಂಕ್ ಪಾಸ್‌ಬುಕ್ ಕೊಟ್ಟು ಎಷ್ಟು ಉಳಿದಿದೆ ನೋಡಿ ಅಂದೆ. ಜಮಾ ಯಾವುದು, ಖರ್ಚು ಯಾವುದು ಅಂತ ಗೊತ್ತಾಗದೆ ಪುಸ್ತಕವನ್ನು ನನಗೇ ವಾಪಸು ಕೊಟ್ಟರು. ಅವರನ್ನು ದೂರಬೇಡಿ. ಅದನ್ನು ಯಾರೂ ಅವರಿಗೆ ತೋರಿಸಿಲ್ಲ.

ಇನ್ನೊಂದು ಮಾತು, ಇದು ನನಗೇ ಮುಜುಗರದ್ದು. ಒಂದು ಸಂಘದ ನಗದು ಪುಸ್ತಕ, ಸಾಲದ ಖಾತೆ, ನಡಾವಳಿ ಎಲ್ಲ ಬರೆಯುವವಳು ನಾನೊಬ್ಬಳೇ. ನಾನು ಓದಿ ಹೇಳಿದ್ದನ್ನು ಹದಿನಾಲ್ಕು ಜನ ನಂಬಿ ಸಹಿ ಹಾಕುತ್ತಾರೆ. ನಾನು ಕಳ್ಳಿಯಾಗಿದ್ದರೆ? ಹಾಗೆ ಆದ ಸಂಘಗಳು ಈ ಸುತ್ತಿನಲ್ಲಿ ಇಲ್ಲವೆನ್ನುವಂತಿಲ್ಲ. ಲೆಕ್ಕಪುಸ್ತಕ ಸಂಘದ ಪಂಚಸೂತ್ರಗಳಲ್ಲಿ, ಅಂದರೆ ಸಂಘ ಪಾಲಿಸಬೇಕಾದ ಐದು ನಿಯಮಗಳಲ್ಲಿ, ಒಂದು ಅಂತ ತರಬೇತಿಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಒಬ್ಬಳೇ ಓದಬಲ್ಲ ಪುಸ್ತಕ ಸಂಘದ ಪುಸ್ತಕ ಹೇಗಾಗುತ್ತದೆ?

ಇದೆಲ್ಲ ಇಟ್ಟುಕೊಂಡು ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಸಾಕ್ಷರತೆ ಒಂದು ಇಲಾಖೆ, ಸಂಜೀವಿನಿ ಇನ್ನೊಂದು, ಸಾಲದ ದೂರು ಮತ್ತೊಂದು ಟೇಬಲ್ಲು. ಜಿಲ್ಲೆಯಲ್ಲಿ ಈ ಮೂರನ್ನೂ ಒಂದೇ ಸಭೆಗೆ ಕರೆಯಬಲ್ಲವರು ನೀವು. ಸಂಘದ ಸಭೆ ನಡೆಯುವ ಜಾಗದಲ್ಲೇ, ಅದೇ ದಿನ, ಒಂದು ಗಂಟೆ ಓದಿನ ಪಾಠ ಇರುವಂತೆ ಮಾಡಿ. ಹಗಲು ಹೊತ್ತು ಕರೆದರೆ ಯಾರೂ ಬರಲ್ಲ. ಕಳೆ ತೆಗೆಯುವ ಕಾಲದಲ್ಲಿ ಸಂಜೆ ಏಳಾದರೂ ಮನೆಗೆ ಬಂದಿರುವುದಿಲ್ಲ. ಸಮಯವನ್ನು ಅವರೇ ಹೇಳಲಿ. ಪಾಠದ ಪುಸ್ತಕ ಬೇರೆ ಬೇಡ. ಪಾಸ್‌ಬುಕ್, ಸಾಲದ ಕಾರ್ಡು, ಸಂಘದ ಖಾತೆ, ಕರೆಂಟ್ ಬಿಲ್ಲು, ಇವೇ ಪಾಠ. ದೊಡ್ಡಕ್ಕನ ರಾಗಿ ಲೆಕ್ಕದಿಂದ ಬಡ್ಡಿ ಶುರುಮಾಡಿದರೆ ಶೇಕಡಾವರೆಗೆ ಹೋಗಲು ಎರಡು ತಿಂಗಳು ಸಾಕು, ಮಾಡಿ ನೋಡಿದ್ದೇನೆ. ಪರೀಕ್ಷೆ ಮಾಡುವುದಾದರೆ ಆಕೆಯದೇ ಸಾಲದ ಕಾರ್ಡು ಕೊಟ್ಟು ಓದಿಸಿ.

ಕಲಿಸುವವರಿಗೆ ಏನಾದರೂ ಕೊಡಿ. ಸೇವೆ ಅನ್ನುವ ಮಾತು ಚೆಂದ. ಆದರೆ ಸಾಲ ವಸೂಲಿಗೆ ಬರುವ ಹುಡುಗನಿಗೆ ಸಂಬಳ, ಪೆಟ್ರೋಲು ಎಲ್ಲ ಇದೆ. ಸಾಲ ಓದಲು ಕಲಿಸುವ ಹುಡುಗಿ ಮಾತ್ರ ಪುಕ್ಕಟೆ ಬರಬೇಕು ಅಂದರೆ ಎಷ್ಟು ದಿನ ಬಂದಾಳು?

ಮೂರನೆಯದಕ್ಕೆ ದುಡ್ಡೇ ಬೇಡ. ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ, ಅರಿವು ಕೇಂದ್ರ ಅನ್ನುವ ಪಂಚಾಯಿತಿ ಗ್ರಂಥಾಲಯದ ಬಾಗಿಲ ಪಕ್ಕ, ನಮ್ಮ ಜಿಲ್ಲೆಯಲ್ಲಿ ನೋಂದಣಿ ಇರುವ ಸಾಲ ಸಂಸ್ಥೆಗಳ ಹೆಸರನ್ನು ಅಂಗೈ ಅಗಲದ ಅಕ್ಷರದಲ್ಲಿ ಬರೆಸಿ. ಅದರ ಕೆಳಗೆ ಬೆಳಿಗ್ಗೆ 9, ಸಂಜೆ 6 ಅಂತ ಎರಡು ಗಡಿಯಾರ ಬರೆಸಿ. ದೂರು ಯಾರಿಗೆ ಅನ್ನುವುದನ್ನೂ ಬರೆಸಿ. ಸಾಲದ ಕಾರ್ಡನ್ನು ದೊಡ್ಡ ಅಕ್ಷರದಲ್ಲಿ, ಆಡುವ ಕನ್ನಡದಲ್ಲಿ ಕೊಡಬೇಕು ಅಂತ ಕಂಪನಿಗಳ ಜೊತೆಗಿನ ಸಭೆಯಲ್ಲಿ ಹೇಳಿ: ತೆಗೆದುಕೊಂಡದ್ದು ಎಷ್ಟು, ಕೈಗೆ ಬಂದದ್ದು ಎಷ್ಟು, ಒಟ್ಟು ಕಟ್ಟಬೇಕಾದ್ದು ಎಷ್ಟು. ಈ ಮೂರು ಸಾಲು ಮೊದಲಿರಲಿ. ಸಹಿಗೆ ಮೊದಲು ಗುಂಪಿನ ಮುಂದೆ ಅದನ್ನು ಗಟ್ಟಿಯಾಗಿ ಓದಲಿ. ಕಂಪನಿಯ ಹುಡುಗ ಓದುವುದಲ್ಲ, ಗುಂಪಿನ ಒಬ್ಬ ಹೆಂಗಸು ಓದಬೇಕು. ಓದಲು ಯಾರೂ ಇಲ್ಲದಿದ್ದರೆ ಆ ದಿನ ಸಹಿ ಬೇಡ.

ನಾವು ಸುಮ್ನೆ ಕೂತಿಲ್ಲ. ಏಳು ತಿಂಗಳಿಂದ ಮಂಗಳವಾರದ ಸಭೆ ಆದ ಮೇಲೆ ಹನ್ನೊಂದು ಜನ ಅಲ್ಲೇ ಉಳಿಯುತ್ತೇವೆ. ಪಂಚಾಯಿತಿಯ ಹಿಂದಿನ ಕೋಣೆಯಿಂದ ಆ ಹಲಗೆಯನ್ನು ಕೇಳಿ ತಂದೆವು. ಗುಡಿಯ ಒಂದು ಬಲ್ಬು ಇದೆ, ಅದು ಹೋದರೆ ಮೊಬೈಲ್ ಬೆಳಕು. ಹೋದ ವಾರ ದೊಡ್ಡಕ್ಕ ತಮ್ಮ ಎರಡನೇ ಸಾಲದ ಕಾರ್ಡಿನ ಮೊದಲ ನಾಲ್ಕು ಸಾಲನ್ನು ಬೆರಳಿಟ್ಟು ಓದಿದರು. "ವಿಳಂಬಿತ"ದ ಹತ್ತಿರ ನಿಂತರು. ಹಂಗಂದ್ರೆ ಏನವ್ವ ಅಂದರು. ತಡ ಅಂತ ದೊಡ್ಡಕ್ಕ ಅಂದೆ. "ತಡ ಅಂತ ಬರೆಯೋಕೆ ಇವರಿಗೇನು ಬಂದಿತ್ತು?" ಅಂತ ಕೇಳಿದರು.

ಯಾವುದಾದರೂ ಮಂಗಳವಾರ ನೀವಿಬ್ಬರೂ ಬನ್ನಿ. ಹಾರ ತುರಾಯಿ ಇರುವುದಿಲ್ಲ, ಟೀ ಇರುತ್ತದೆ. ಬರಲು ಆಗದಿದ್ದರೆ ಈ ಪತ್ರಕ್ಕೆ ಒಂದು ಉತ್ತರವಾದರೂ ಬರೆಯಿರಿ. ಸ್ವಲ್ಪ ದೊಡ್ಡ ಅಕ್ಷರದಲ್ಲಿ, ಸರಳವಾಗಿ ಬರೆಸಿ. ಅದನ್ನು ಸಂಘದಲ್ಲಿ ಓದುವುದು ದೊಡ್ಡಕ್ಕ ಅಂತ ಆಗಲೇ ತೀರ್ಮಾನವಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಪ್ರೇರಕಿ